ಕೆಂಪು ಬೆಳಕಿನ ದಾರಿ ಉದ್ದ ಮಾಡಿದ್ದು: ನನ್ನ ಅನುಭವ

ಹಾಸನದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನನ್ನ ಕೆಲಸ ಅಮಾರ್ಫಸ್ ಸಿಲಿಕಾನ್ (ಅಣುಗಳು ಕ್ರಮವಾಗಿ ಜೋಡಣೆಯಾಗಿರದ ಸಿಲಿಕಾನ್) ಸೋಲಾರ್ ಸೆಲ್ಲಿನ ಮುಂಭಾಗದ ಗಾಜನ್ನು ಸಿದ್ಧಮಾಡುವುದು. ಈ ಸೆಲ್ಲಿನಲ್ಲಿ ಬೆಳಕು ಹೀರುವ ಪದರ ಸುಮಾರು 300 ನ್ಯಾನೊಮೀಟರ್ ದಪ್ಪ. ನೀಲಿ, ಹಸಿರು ಬೆಳಕಿಗೆ ಅಷ್ಟು ಸಾಕು. 700 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕಿಗೆ ಹಲವು ಮೈಕ್ರೋಮೀಟರ್ ದಾರಿ ಬೇಕು. ಪದರವನ್ನೇ ದಪ್ಪ ಮಾಡೋಣವೆಂದರೆ, ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನ್, ಹೋಲ್‌ಗಳು (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳು) ಹೊರಬರುವ ಮೊದಲೇ ಒಂದನ್ನೊಂದು ಸೇರಿ ಇಲ್ಲವಾಗುತ್ತವೆ. 1977ರಲ್ಲಿ ಸ್ಟೇಬ್ಲರ್ ಮತ್ತು ರಾನ್ಸ್ಕಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟ, ಬಿಸಿಲಿಗೇ ಸೆಲ್ ಸೊರಗುವ ತೊಂದರೆಯೂ ದಪ್ಪ ಪದರಕ್ಕೇ ಹೆಚ್ಚು. ಅದಕ್ಕೇ ಪದರ ತೆಳುವಾಗಿರಲಿ, ಬೆಳಕು ಓರೆಯಾಗಿ ಓಡಾಡಲಿ ಎಂದು ಹೊರಟೆ. ಬೆಳಕನ್ನು ಎಲ್ಲ ದಿಕ್ಕಿಗೂ ಚೆನ್ನಾಗಿ ಚದುರಿಸಿದರೆ ಸಿಲಿಕಾನಿನಲ್ಲಿ ಅದರ ದಾರಿ ಸುಮಾರು 50 ಪಟ್ಟು ಉದ್ದವಾಗಬಲ್ಲದು ಎಂಬುದು ಭೌತವಿಜ್ಞಾನಿ ಯಾಬ್ಲೊನೊವಿಚ್ 1982ರಲ್ಲಿ ಕೊಟ್ಟ ಲೆಕ್ಕ. ಅದು ಆದರ್ಶ ಮಿತಿ. ಅದರಲ್ಲಿ ಒಂದು ಪಾಲು ಸಿಕ್ಕರೂ ದೊಡ್ಡದೇ.

ಗಾಜಿನ ಮೇಲೆ ಅಲ್ಯೂಮಿನಿಯಂ ಬೆರೆತ ಜಿಂಕ್ ಆಕ್ಸೈಡನ್ನು, ಅಂದರೆ ಬೆಳಕನ್ನು ಬಿಡುವ, ಕರೆಂಟನ್ನೂ ಸಾಗಿಸುವ ಪದರವನ್ನು, ಸ್ಪಟರಿಂಗ್‌ನಿಂದ (ನಿರ್ವಾತದಲ್ಲಿ ಅಯಾನುಗಳಿಂದ ಹೊಡೆದು ಕಣ ಸಿಡಿಸಿ ಕೂರಿಸುವ ವಿಧಾನ) ಕೂರಿಸುತ್ತೇವೆ. ಆಮೇಲೆ ಶೇ. 0.5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಬೇಕು. ಪ್ಲಾಸ್ಟಿಕ್ ಚಿಮುಟದಲ್ಲಿ ಹಿಡಿದು ಅದ್ದಿ, ಸೆಕೆಂಡುಗಳ ಲೆಕ್ಕದಲ್ಲಿ ತೆಗೆದು, ಕೂಡಲೇ ಡಿಸ್ಟಿಲ್ಡ್ ನೀರಿಗೆ. ಆಮ್ಲ ಪದರವನ್ನು ಕೊರೆದು ಸಣ್ಣ ಸಣ್ಣ ಗುಳಿ ಮಾಡಿರುತ್ತದೆ. ಆ ಗಾಜನ್ನು ಪೇಪರಿನ ಮೇಲಿಟ್ಟರೆ ಅಕ್ಷರ ಸ್ಪಷ್ಟ. ನಾಲ್ಕು ಬೆರಳು ಮೇಲೆತ್ತಿದರೆ ಅಕ್ಷರ ಕಲಸಿಹೋಗುತ್ತದೆ, ಆದರೆ ಕಾಗದದ ಬಿಳುಪು ಕುಗ್ಗುವುದಿಲ್ಲ. ನಮಗೆ ಬೇಕಾದದ್ದು ಇದೇ.

ಅಳೆಯುವಾಗ ಎಚ್ಚರ ಬೇಕು. ಮಾಮೂಲಿ ಸ್ಪೆಕ್ಟ್ರೋಮೀಟರಿನಲ್ಲಿಟ್ಟರೆ ಗಾಜು ದಾಟಿದ ಬೆಳಕಿನ ಗ್ರಾಫ್ ಕೆಳಗಿಳಿಯುತ್ತದೆ. “ಮೇಡಂ, ಬೆಳಕು ಕಮ್ಮಿ ಆಗ್ಬಿಡ್ತು” ಅಂತ ಪ್ರಾಜೆಕ್ಟ್ ಮಾಡುವ ಹುಡುಗರು ಗಾಬರಿಯಾಗಿ ಬರುತ್ತಾರೆ. ಬೆಳಕು ಎಲ್ಲಿಗೂ ಹೋಗಿರುವುದಿಲ್ಲ, ಚದುರಿ ಡಿಟೆಕ್ಟರಿನ ಆಚೆ ಬಿದ್ದಿರುತ್ತದೆ. ಚದುರಿದ ಬೆಳಕನ್ನೂ ಒಟ್ಟುಗೂಡಿಸುವ ಬಿಳಿ ಟೊಳ್ಳು ಗೋಳ, ಇಂಟಿಗ್ರೇಟಿಂಗ್ ಸ್ಫಿಯರ್ ಹಾಕಿ, ಒಟ್ಟು ದಾಟಿದ ಬೆಳಕಿನಲ್ಲಿ ಚದುರಿದ್ದೆಷ್ಟು ಎಂದು ನೋಡಬೇಕು. ಜೊತೆಗೇ ಫೋರ್ ಪ್ರೋಬ್‌ನಲ್ಲಿ (ನಾಲ್ಕು ಮೊನೆ ಒತ್ತಿ ಅಳೆಯುವ ಉಪಕರಣ) ಪದರದ ರೆಸಿಸ್ಟೆನ್ಸ್ ಕೂಡ. ಹೆಚ್ಚು ಕೊರೆದಷ್ಟೂ ಪದರ ಸವೆದು ರೆಸಿಸ್ಟೆನ್ಸ್ ಏರುತ್ತದೆ, ವಿದ್ಯುತ್ ಶಕ್ತಿ ದಾರಿಯಲ್ಲೇ ಬಿಸಿಯಾಗಿ ನಷ್ಟವಾಗುತ್ತದೆ. ಈ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯದವರಿಗೆ ಆಮ್ಲದ ಸಮಯ ಎಂದೂ ಕೈಗೆ ಹತ್ತುವುದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಜಿಂಕ್ ಆಕ್ಸೈಡಿಗೆ ತೇವ ಆಗದು. ಜುಲೈ ಮಳೆಯಲ್ಲಿ ಗಾಜುಗಳು ಸಿಲಿಕಾ ಜೆಲ್ ಇರುವ ಡೆಸಿಕೇಟರ್ (ತೇವ ಹೀರಿ ಒಣಗಿಡುವ ಮುಚ್ಚಿದ ಡಬ್ಬಿ) ಬಿಟ್ಟು ಹೊರಗಿರಬಾರದು.

ಸಿಲಿಕಾನ್ ಪದರ, ಹಿಂದಿನ ಬೆಳ್ಳಿಯ ಕನ್ನಡಿ ಬೆಂಗಳೂರಿನ ಲ್ಯಾಬೊಂದರಲ್ಲಿ ಆಗುತ್ತವೆ. ನುಣುಪು ಗಾಜಿನ ಸೆಲ್ಲಿಗೆ ಹೋಲಿಸಿದಾಗ ಕರೆಂಟ್ ಏರಿದ್ದು ಬಹುಪಾಲು 600 ನ್ಯಾನೊಮೀಟರಿನಿಂದ ಆಚೆಗೆ, ನಾವು ಬಯಸಿದ ಕಡೆಯೇ. ಆದರೆ ಗುಳಿಯ ತಳ ಚೂಪಾಗಿದ್ದ ಗಾಜುಗಳಲ್ಲಿ ವೋಲ್ಟೇಜ್ ಇಳಿದಿತ್ತು. ಚೂಪು ಕಣಿವೆಯ ಮೇಲೆ ಬೆಳೆಯುವ ಸಿಲಿಕಾನ್ ಅಲ್ಲಿಯೇ ಬಿರುಕಿನಂತೆ ದುರ್ಬಲವಾಗುತ್ತದೆ. ಈಗ ನಾವು ಗುಳಿ ಆಳವಾಗುವುದಕ್ಕಿಂತ ಅಗಲವಾಗಿ, ಬಟ್ಟಲಿನಂತೆ ತೆರೆದುಕೊಳ್ಳಲಿ ಎಂದು ಸ್ಪಟರಿಂಗ್ ಒತ್ತಡವನ್ನೂ ಗಾಜಿನ ಬಿಸಿಯನ್ನೂ ಬದಲಿಸಿ ನೋಡುತ್ತಿದ್ದೇವೆ.