ಎಸ್‌ಟಿಪಿಗೆ ಬೆಲ್ಲವೋ, ಅಸಿಟೇಟೋ? ಕೊಳ್ಳುವ ಮುನ್ನ ಅಳೆಯಿರಿ

ಮಂಡ್ಯದ ಸುತ್ತ ಆಲೆಮನೆಗಳಿಗೆ ಬರವಿಲ್ಲ. ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ, ಸಂಸ್ಕರಿಸಿದ ನೀರಿನಲ್ಲಿ ನೈಟ್ರೇಟ್ ಹೆಚ್ಚಿದರೆ ಬ್ಯಾಕ್ಟೀರಿಯಾಗಳಿಗೆ ಬೆಲ್ಲ ಹಾಕಿದರಾಯಿತು ಅನಿಸುವುದು ಸಹಜ. ಹಾಕಬಹುದು. ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯಾಗಳಿಗೆ ಇಂಗಾಲ ಆಹಾರ, ಬೆಲ್ಲವೂ ಅಸಿಟೇಟೂ ಅದನ್ನೇ ಕೊಡುತ್ತವೆ. ಆದರೆ ಕೊರತೆ ಇಂಗಾಲದ್ದೇ ಎಂದು ಮೊದಲು ಖಚಿತವಾಗಬೇಕು.

1. ಹೊರಹೋಗುವ ನೀರಿನ ಅಮೋನಿಯಾ, ನೈಟ್ರೇಟ್ ಬೇರೆಬೇರೆ ಅಳೆಸಿ. ಅಮೋನಿಯಾ ಹೆಚ್ಚಿದ್ದರೆ ಅದಿನ್ನೂ ನೈಟ್ರೇಟ್ ಆಗಿಲ್ಲ, ಬೆಲ್ಲ ದಂಡ. ಗಾಳಿ, ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ವಯಸ್ಸು, ಕ್ಷಾರತೆ ನೋಡಿ. ವರದಿಯಲ್ಲಿ ‘ನೈಟ್ರೇಟ್’ ಎಂದಷ್ಟೇ ಇದ್ದರೆ 4.43ರಿಂದ ಭಾಗಿಸಿ, ಸಾರಜನಕದ ಲೆಕ್ಕ ಸಿಗುತ್ತದೆ. ಇದನ್ನು ಮರೆತರೆ ಡೋಸ್ ನಾಲ್ಕು ಪಟ್ಟು ಮೀರುತ್ತದೆ.

2. ಅನಾಕ್ಸಿಕ್ ಟ್ಯಾಂಕಿನ (ಗಾಳಿ ಊದದೆ ನೈಟ್ರೇಟ್ ತೆಗೆಯುವ ಟ್ಯಾಂಕ್) ಕೊನೆಯಲ್ಲಿ ನೈಟ್ರೇಟ್ ನೋಡಿ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ, ಹೊರಗೆ ಮಾತ್ರ ಹೆಚ್ಚು ಎಂದಾದರೆ ಇಂಗಾಲ ಸಾಕಷ್ಟಿದೆ, ಏರೇಷನ್ (ಗಾಳಿ ಊದುವ) ಟ್ಯಾಂಕಿನಿಂದ ನೀರು ಹಿಂದಿರುಗುತ್ತಿರುವುದು ಸಾಲದು. ಅಲ್ಲಿಯೂ ನೈಟ್ರೇಟ್ ಉಳಿದಿದ್ದರೆ ಕರಗಿದ ಆಮ್ಲಜನಕ ಅಳೆಯಿರಿ. ಅದು ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸಿನಲ್ಲಿದ್ದೂ ನೈಟ್ರೇಟ್ ಇಳಿಯದಿದ್ದರೆ ಮಾತ್ರ ಹೊರಗಿನ ಇಂಗಾಲ ಬೇಕು.

3. ಲೆಕ್ಕ: ದಿನಕ್ಕೆ 100 ಘನಮೀಟರ್ ಹರಿವು, ತೆಗೆಯಬೇಕಾದ ನೈಟ್ರೇಟ್ ಸಾರಜನಕ ಲೀಟರಿಗೆ 20 ಮಿಲಿಗ್ರಾಂ ಎಂದರೆ ದಿನಕ್ಕೆ 2 ಕೆಜಿ. ಒಂದು ಕೆಜಿಗೆ 4ರಿಂದ 6 ಕೆಜಿ ಸಿಒಡಿ (ಇಂಗಾಲದ ಆಹಾರವನ್ನು ಅದು ಪೂರ್ತಿ ಉರಿಯಲು ಬೇಕಾದ ಆಮ್ಲಜನಕದ ಲೆಕ್ಕದಲ್ಲಿ ಅಳೆಯುವ ಅಳತೆ) ಬೇಕು. 5 ಹಿಡಿದರೆ ಒಟ್ಟು 10 ಕೆಜಿ. ಅಂದರೆ ಬೆಲ್ಲ ಹತ್ತು ಕೆಜಿ ಆಸುಪಾಸು, ಅಸಿಟಿಕ್ ಆಮ್ಲ ಒಂಬತ್ತೂವರೆ, ಹರಳು ರೂಪದ ಸೋಡಿಯಂ ಅಸಿಟೇಟ್ 21 ಕೆಜಿ. ಚೀಲದ ಬೆಲೆ ಬಿಡಿ, ಒಂದು ಕೆಜಿ ಸಿಒಡಿಗೆ ಎಷ್ಟು ಬೀಳುತ್ತದೆ ನೋಡಿ.

4. ಆಯ್ಕೆ. ಅಸಿಟೇಟ್ ದುಬಾರಿ, ಆದರೆ ಬ್ಯಾಕ್ಟೀರಿಯಾ ಬೇಗ ಬಳಸುತ್ತವೆ. ಬೆಲ್ಲ ಅಗ್ಗ, ಸ್ಲಡ್ಜ್ ಹೆಚ್ಚು; ದಾರದಂಥ ಬ್ಯಾಕ್ಟೀರಿಯಾ ಬೆಳೆದು ಸ್ಲಡ್ಜ್ ಕೂರದೇ ತೇಲುವ ಅಪಾಯವೂ ಉಂಟು. ಕಾಕಂಬಿಗೆ ಬಣ್ಣವಿದೆ, ಅದರಲ್ಲೇ ಒಂದಿಷ್ಟು ಸಾರಜನಕವಿದೆ, ಪ್ರತಿ ಲೋಡಿನ ಸಿಒಡಿ ಬೇರೆ. ಮೇಲಾಗಿ ಅದು ಅಬಕಾರಿ ನಿಯಂತ್ರಣದ ಸರಕು. ಪರವಾನಗಿ ವಿಚಾರಿಸದೆ ತರಬೇಡಿ. ಮೆಥನಾಲ್ ದೊಡ್ಡ ಘಟಕಗಳಿಗೆ ಸರಿ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು ವಾರಗಳು ಬೇಕು, ಜೊತೆಗೆ ಅದು ವಿಷ, ಹೊತ್ತಿಕೊಳ್ಳುವ ದ್ರವ. ಮೈಸೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಖಂಡಿತ ಬೇಡ.

5. ಅರ್ಧ ಡೋಸ್‌ನಿಂದ ಶುರುಮಾಡಿ, ಅನಾಕ್ಸಿಕ್ ಟ್ಯಾಂಕಿನ ಒಳಹರಿವಿಗೇ, ಮಿಕ್ಸರ್ ಓಡುತ್ತಿರುವಾಗ ಹಾಕಿ. ಏರೇಷನ್ ಟ್ಯಾಂಕಿಗೆ ಸುರಿದದ್ದು ಬ್ಲೋವರ್ ಬಿಲ್ ಏರಿಸುತ್ತದೆ, ಅಷ್ಟೆ. ದಿನಕ್ಕೊಮ್ಮೆ ಬಕೆಟ್ ಬೇಡ. ಡೋಸಿಂಗ್ ಪಂಪಿನಿಂದ ಹರಿವಿಗೆ ತಕ್ಕಂತೆ ಹನಿಯಲಿ. ಬೆಲ್ಲದ ನೀರು ಹುಳಿಯಾಗಿ ನೊರೆಯೇಳುವುದರಿಂದ ಆಯಾ ದಿನದ್ದು ಆಯಾ ದಿನ ಕಲಸಿ, ಬಟ್ಟೆಯಲ್ಲಿ ಸೋಸಿ. ಇಲ್ಲದಿದ್ದರೆ ಪಂಪಿನ ವಾಲ್ವ್ ಕಟ್ಟಿಕೊಳ್ಳುತ್ತದೆ.

6. ಅನಾಕ್ಸಿಕ್ ಕೊನೆಯಲ್ಲಿ ನೈಟ್ರೇಟ್ ಸಾರಜನಕ ಲೀಟರಿಗೆ 1ರಿಂದ 2 ಮಿಲಿಗ್ರಾಂ ಉಳಿಯುವಂತೆ ಡೋಸ್ ನಿಲ್ಲಿಸಿ. ಪೂರ್ತಿ ಸೊನ್ನೆಯಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಹೊರನೀರಿನ ಬಿಒಡಿ (ನೀರಿನಲ್ಲಿ ಉಳಿದ ಜೈವಿಕ ಕೊಳೆಯ ಅಳತೆ) ಏರಿದರೆ ಡೋಸ್ ಹೆಚ್ಚಾಗಿದೆ. ನೈಟ್ರೇಟ್ ಇಳಿದು ನೈಟ್ರೈಟ್ ಏರುತ್ತಿದ್ದರೆ ಸಾಮಾನ್ಯವಾಗಿ ಇಂಗಾಲ ಸಾಲುತ್ತಿಲ್ಲ.