ಹಾಸ್ಟೆಲ್ ಮೇಜಿನ ಮೇಲೆ ನೋವಿನ ಮಾತ್ರೆಗಳು

ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವ ನಾನು, ಬಿಡುವಾದಾಗ ಮೈಸೂರಿನ ಹಾಸ್ಟೆಲ್‌ಗಳಿಗೆ ಹೋಗಿ ಡಿಗ್ರಿ, ಇಂಜಿನಿಯರಿಂಗ್ ಓದುವ ಮಕ್ಕಳ ಜೊತೆ ನೋವಿನ ಮಾತ್ರೆಗಳ ಬಗ್ಗೆ ಮಾತಾಡುತ್ತೇನೆ. ಪ್ರೊಜೆಕ್ಟರ್ ಒಯ್ಯುವುದಿಲ್ಲ. “ಬ್ಯಾಗಿನಲ್ಲಿ, ಬೀರುವಿನಲ್ಲಿ ಇರೋ ಮಾತ್ರೆಯನ್ನೆಲ್ಲ ತಂದು ಮೇಜಿನ ಮೇಲೆ ಹಾಕಿ” ಅಂತೀನಿ. ಪ್ರಶ್ನಾವಳಿ ಕೊಟ್ಟರೆ ಪರೀಕ್ಷೆಯ ಉತ್ತರ ಬರುತ್ತದೆ; ಸ್ಟ್ರಿಪ್ ಕೈಯಲ್ಲಿದ್ದರೆ ನಿಜ ಹೊರಗೆ ಬರುತ್ತದೆ.

ಜ್ವರಕ್ಕೆ ಡೋಲೊ, ಮೈಕೈ ನೋವಿಗೆ ಕಾಂಬಿಫ್ಲಾಮ್, ತಲೆನೋವಿಗೆ ಸ್ಯಾರಿಡಾನ್: ಇವು ಮೂರೂ ಬೇರೆ ಬೇರೆ ಔಷಧಿ ಎಂದೇ ಹೆಚ್ಚಿನವರ ನಂಬಿಕೆ. ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರ ಓದಿಸುತ್ತೇನೆ. ಮೂರರಲ್ಲೂ ಪ್ಯಾರಾಸಿಟಮಾಲ್ ಇದೆ.

ಶೀತಜ್ವರ ಬಂದಿದ್ದ ಹುಡುಗನೊಬ್ಬ ಡೋಲೊ, ಕಾಂಬಿಫ್ಲಾಮ್, ಜೊತೆಗೊಂದು ಶೀತದ ಮಾತ್ರೆ, ಮೂರನ್ನೂ ದಿನಕ್ಕೆ ಮೂರು ಸಲ ನುಂಗುತ್ತಿದ್ದ. “ಬೇರೆ ಬೇರೆ ಕಂಪನಿದಲ್ವಾ ಮೇಡಂ?” ಎಂದ. ಮೂರರಲ್ಲೂ ಇರುವ ಪ್ಯಾರಾಸಿಟಮಾಲನ್ನು ಬೋರ್ಡಿನ ಮೇಲೆ ಅವನ ಕೈಲೇ ಕೂಡಿಸಿದೆ: 650, 325, 500. ಒಂದು ಹೊತ್ತಿಗೆ 1,475 ಮಿಲಿಗ್ರಾಂ, ದಿನಕ್ಕೆ 4,425. ಆರೋಗ್ಯವಂತ ವಯಸ್ಕರಿಗೇ ದಿನಕ್ಕೆ 4,000 ದಾಟಬಾರದು. ದಾಟಿದರೆ ಪೆಟ್ಟು ಬೀಳುವುದು ಲಿವರ್‌ಗೆ. ತೂಕ ಕಡಿಮೆ ಇರುವವರಿಗೆ, ಕುಡಿಯುವವರಿಗೆ ಈ ಮಿತಿ ಇನ್ನೂ ಕೆಳಗೆ. ಆ ಲೆಕ್ಕವನ್ನು ಇಡೀ ಹಾಲ್ ಫೋಟೊ ತೆಗೆದುಕೊಂಡಿತು.

ಮಳೆಗಾಲದಲ್ಲಿ ಡೆಂಗೆಯ ಮಾತನ್ನು ಬಿಡುವುದೇ ಇಲ್ಲ. ಜ್ವರ, ಕಣ್ಣಿನ ಹಿಂದೆ ನೋವು, ಮೈಯೆಲ್ಲ ನೋವು ಎಂದಾಗ ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಮುಟ್ಟಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ರಕ್ತ ಪರೀಕ್ಷೆ ಆಗುವ ತನಕ ಬರೀ ಪ್ಯಾರಾಸಿಟಮಾಲ್, ಅದೂ ಮಿತಿಯೊಳಗೆ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಐಬುಪ್ರೊಫೆನ್ 400 ಮಿಲಿಗ್ರಾಂ ಕೂಡ ಇದೆ ಎನ್ನುವುದು ಇಲ್ಲಿ ನೆನಪಾಗಬೇಕು.

ಹುಡುಗಿಯರ ಹಾಸ್ಟೆಲ್‌ನಲ್ಲಿ ಮೇಜಿನ ತುಂಬ ಮೆಫ್ಟಾಲ್ ಸ್ಪಾಸ್. ಮುಟ್ಟಿನ ನೋವಿಗೆ ಅದು ಕೆಲಸ ಮಾಡುತ್ತದೆ, ನಿಜ. ಆದರೆ ಹೆಚ್ಚಿನವರು ನೋವು ತಡೆಯಲಾರದ ಹಂತಕ್ಕೆ ಹೋದ ಮೇಲೆ, ತಿಂಡಿ ಬಿಟ್ಟು, ಖಾಲಿ ಹೊಟ್ಟೆಗೆ ನುಂಗುತ್ತಾರೆ. ನೋವು ಶುರುವಾಗುತ್ತಿದ್ದಂತೆ, ಊಟದ ನಂತರ ತಗೊಂಡರೆ ಗುಣವೂ ಹೆಚ್ಚು, ಹೊಟ್ಟೆಯುರಿಯೂ ಕಡಿಮೆ. ಅದರಲ್ಲಿರುವ ಮೆಫೆನಾಮಿಕ್ ಆಸಿಡ್ ಬಗ್ಗೆ ಔಷಧಿಗಳ ಗುಣಮಟ್ಟ, ಅಡ್ಡ ಪರಿಣಾಮಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಭಾರತೀಯ ಫಾರ್ಮಕೊಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಕೆ ಕೊಟ್ಟಿತ್ತು: ಅಪರೂಪಕ್ಕೆ ತೀವ್ರ ಅಲರ್ಜಿಯಾಗಿ ಮೈಮೇಲೆ ದದ್ದು, ಜ್ವರ ಬರಬಹುದು, ಒಳಗಿನ ಅಂಗಗಳಿಗೂ ತಾಗಬಹುದು. ದದ್ದು ಕಂಡರೆ ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ತಿಂಗಳು ತಿಂಗಳೂ ಕ್ಲಾಸ್ ತಪ್ಪಿಸುವಷ್ಟು ನೋವಿದ್ದರೆ, “ಎಲ್ಲರಿಗೂ ಇರತ್ತೆ ಬಿಡು” ಎಂದು ಅಮ್ಮನೇ ಹೇಳಿದರೂ ಸ್ತ್ರೀರೋಗ ತಜ್ಞರಿಗೆ ತೋರಿಸಿ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ.

ಕೊನೆಗೆ ತಲೆನೋವಿನವರು ಉಳಿಯುತ್ತಾರೆ. ಅವರಿಗೆ ಮಾತ್ರೆ ತಗೊಂಡ ದಿನವನ್ನೆಲ್ಲ ಮೊಬೈಲ್ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳುತ್ತೇನೆ. ಬರೀ ಪ್ಯಾರಾಸಿಟಮಾಲ್ ಆದರೆ ತಿಂಗಳಿಗೆ 15 ದಿನ, ಸ್ಯಾರಿಡಾನ್‌ನಂಥ ಮಿಶ್ರಣವಾದರೆ 10 ದಿನ ಅಥವಾ ಅದಕ್ಕಿಂತ ಹೆಚ್ಚು ನುಂಗುವುದು. ಹೀಗೇ ಕೆಲವು ತಿಂಗಳು ನಡೆದರೆ ಮಾತ್ರೆಯೇ ತಲೆನೋವು ತರಬಹುದು. ಆ ಕ್ಯಾಲೆಂಡರನ್ನೂ ಖಾಲಿ ಸ್ಟ್ರಿಪ್‌ಗಳನ್ನೂ ಹಿಡಿದು ಡಾಕ್ಟರ ಹತ್ತಿರ ಹೋಗಿ ಎಂದು ಕಳಿಸುತ್ತೇನೆ.