ಎರಡು ವರ್ಷದ ಕುದುರೆಯ ಮೊದಲ ಓಟವನ್ನು ಅಳೆಯುವುದು ಹೇಗೆ?

ಬೆಳಗಾವಿ, ಬಾಗಲಕೋಟೆ ಭಾಗದಲ್ಲಿ ಕುದುರೆ ಗಾಡಿ ಶರ್ಯತ್ತು ನೋಡುತ್ತಾ ಬೆಳೆದವರಿಗೆ ಯಾವ ಕುದುರೆ ಹಿಂದಿನ ಜಾತ್ರೆಯಲ್ಲಿ ಗೆದ್ದಿತು, ಯಾವುದು ಅರ್ಧ ದಾರಿಗೆ ದಣಿಯಿತು ಎಂಬುದೆಲ್ಲ ಬಾಯಿಪಾಠ. ಅದೇ ಜನ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ರೇಸ್‌ಕೋರ್ಸಿಗೆ ಹೋಗಿ ಎರಡು ವರ್ಷದ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸುವ ತಳಿ) ಮರಿಗಳ 1200 ಮೀಟರ್ ಓಟದ ಮುಂದೆ ನಿಂತಾಗ ದಿಕ್ಕು ತೋಚದಂತಾಗುತ್ತದೆ. ಕಾರಣ ಸರಳ: ಹೆಚ್ಚಿನ ಮರಿಗಳಿಗೆ ಹಿಂದಿನ ಓಟ ಎಂಬುದೇ ಇರುವುದಿಲ್ಲ. ಆ ಖಾಲಿ ಜಾಗದಲ್ಲಿ ‘ಟಿಪ್’ ಎಂಬ ಪಿಸುಮಾತು ಬಂದು ಕೂರುತ್ತದೆ. ಅದಕ್ಕೆ ಕಿವಿಗೊಡಬೇಡಿ. ದಾಖಲೆ ಇಲ್ಲದ ಕುದುರೆಯನ್ನೂ ಓದಲು ಬರುತ್ತದೆ, ಓದುವ ಕ್ರಮ ಗೊತ್ತಿರಬೇಕು ಅಷ್ಟೇ.

ಮೊದಲು ಹುಟ್ಟಿದ ತಿಂಗಳು ನೋಡಿ. ನಮ್ಮ ದೇಶದಲ್ಲಿ ಎಲ್ಲ ಥರೋಬ್ರೆಡ್‌ಗಳ ವಯಸ್ಸೂ ಜನವರಿ 1ಕ್ಕೆ ಒಂದು ವರ್ಷ ಏರುತ್ತದೆ. ಎರಡು ವರ್ಷದವುಗಳ ಓಟ ಹೆಚ್ಚಾಗಿ ನವೆಂಬರ್‌ನಲ್ಲಿ ಶುರುವಾಗುವುದರಿಂದ, ಜನವರಿಯಲ್ಲಿ ಹುಟ್ಟಿದ ಮರಿಗೆ ಆಗ 34 ತಿಂಗಳು, ಮೇ ತಿಂಗಳಲ್ಲಿ ಹುಟ್ಟಿದ್ದಕ್ಕೆ 30 ತಿಂಗಳು. ಕಾಗದದ ಮೇಲೆ ಎರಡೂ ಒಂದೇ ವಯಸ್ಸಿನವು, ಮೈಕಟ್ಟಿನಲ್ಲಿ ಅಲ್ಲ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕಿಲಾರಿ ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡುವ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುದುರೆಯ ನಡುವಿನ ಹಾಲುಹಲ್ಲುಗಳು ಬೀಳುವುದೂ ಎರಡೂವರೆ ವರ್ಷದ ಸುಮಾರಿಗೇ. ಆ ದಿನಗಳಲ್ಲಿ ಬಾಯಿ ನೋಯುತ್ತಿದ್ದರೆ ಮರಿ ಲಗಾಮಿಗೆ ಒಗ್ಗದೆ ತಲೆ ಒದರುತ್ತದೆ. ಮುಂಗಾಲಿನ ಮೊಣಕಾಲಿನ ಮೇಲ್ಭಾಗದ ಎಲುಬು ಗಟ್ಟಿಯಾಗಿ ಕೂಡಿಕೊಳ್ಳುವುದೂ ಸುಮಾರು ಅದೇ ಹೊತ್ತಿಗೆ. ಆದ್ದರಿಂದ ಉಳಿದೆಲ್ಲ ಸಮವಾಗಿದ್ದರೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮರಿಗೆ ನಾನು ಒಂದು ಗುರುತು ಹೆಚ್ಚು ಹಾಕುತ್ತೇನೆ.

ವಂಶದ ವಿಚಾರಕ್ಕೆ ಹೆಚ್ಚು ಹೊತ್ತು ಕಳೆಯಬೇಡಿ. ತಂದೆ ಕುದುರೆಯ ಹಿಂದಿನ ಮರಿಗಳು ಎರಡನೇ ವರ್ಷದಲ್ಲೇ ಗೆದ್ದಿವೆಯೇ, ತಾಯಿಯ ಹಿಂದಿನ ಮರಿಗಳು 1000–1200 ಮೀಟರಿನಲ್ಲಿ ಮಿಂಚಿವೆಯೇ ಎಂಬೆರಡು ಪ್ರಶ್ನೆ ಸಾಕು. ಡರ್ಬಿ ಗೆದ್ದ ತಂದೆಯ ಮರಿ ಎಂದು ಹಿಗ್ಗಬೇಡಿ. ಇಂಡಿಯನ್ ಡರ್ಬಿ 2400 ಮೀಟರಿನ ಓಟ, ಅಲ್ಲಿ ಬೇಕಾಗುವ ದಮ್ಮೇ ಬೇರೆ.

ನಿಜವಾದ ಕೆಲಸವಿರುವುದು ಬೆಳಗಿನ ಅಭ್ಯಾಸದ ವರದಿಯಲ್ಲಿ. ಪತ್ರಿಕೆಗಳಲ್ಲೂ ರೇಸ್ ಪುಸ್ತಕಗಳಲ್ಲೂ 1000, 800, 600 ಮೀಟರಿಗೆ ಹಿಡಿದ ಸಮಯ ಅಚ್ಚಾಗಿರುತ್ತದೆ. ಬರೀ ಅಂಕಿ ನೋಡಿದರೆ ಮೋಸಹೋಗುತ್ತೀರಿ. ಒಂದು ಮರಿ ಕೊನೆಯ 600 ಮೀಟರನ್ನು 38 ಸೆಕೆಂಡಿನಲ್ಲಿ ಓಡಿದೆ, ಆದರೆ ಸವಾರ ಒತ್ತಿ ಓಡಿಸಿದ್ದಾನೆ ಎಂದಿಟ್ಟುಕೊಳ್ಳಿ. ಇನ್ನೊಂದು 39 ಸೆಕೆಂಡು ತೆಗೆದುಕೊಂಡಿದೆ, ಆದರೆ ಲಗಾಮು ಬಿಗಿಹಿಡಿದಿದ್ದರೂ ಸರಾಗವಾಗಿ ಓಡಿದೆ. ನಾನು ಎರಡನೆಯದರ ಕಡೆ. ಜೊತೆಗೆ ಒಳಗಿನ ಮರಳು ಪಥ, ಹೊರಗಿನ ಮರಳು ಪಥ ಎಂಬ ಭೇದವನ್ನೂ ಗಮನಿಸಿ. ಬೇರೆ ಬೇರೆ ಪಥ, ಬೇರೆ ಬೇರೆ ದಿನದ ಸಮಯಗಳನ್ನು ಎದುರುಬದುರು ಇಡುವುದು ತಪ್ಪು. ಮೇಲೆ ಕುಳಿತದ್ದು ಓಟದ ದಿನ ಬರುವ ಜಾಕಿಯೇ, ಲಾಯದ ಹುಡುಗನೇ ಎಂಬುದನ್ನೂ ನೋಡಿ.

ಇದೆಲ್ಲಕ್ಕಿಂತ ನಾನು ಬೆಲೆ ಕೊಡುವುದು ಗೇಟ್ ಅಭ್ಯಾಸಕ್ಕೆ. ಕಬ್ಬಿಣದ ಪೆಟ್ಟಿಗೆಯೊಳಗೆ ನಿಂತು, ಬಾಗಿಲು ತೆರೆದ ಕ್ಷಣಕ್ಕೆ ನೇರವಾಗಿ ಜಿಗಿಯುವುದನ್ನು ಮರಿ ಕಲಿಯಲೇಬೇಕು. ಸ್ಪ್ರಿಂಟ್‌ನಲ್ಲಿ, ಅಂದರೆ ಇಂಥ ಕಡಿಮೆ ದೂರದ ಬಿರುಸಿನ ಓಟದಲ್ಲಿ, ಒಂದು ಸೆಕೆಂಡಿಗೆ ಐದಾರು ಕುದುರೆಯುದ್ದ ದಾಟಿಹೋಗುತ್ತದೆ. ಗೇಟಿನಲ್ಲಿ ಅರ್ಧ ಸೆಕೆಂಡು ತಡವರಿಸಿದ ಮರಿಗೆ ಅದನ್ನು ಮರಳಿ ಪಡೆಯಲು 1200 ಮೀಟರಿನಲ್ಲಿ ಜಾಗವೂ ಇಲ್ಲ, ಸಮಯವೂ ಇಲ್ಲ. ಗೇಟ್ ಅಭ್ಯಾಸದ ವರದಿಯಲ್ಲಿ ‘ಚೆನ್ನಾಗಿ ಹೊರಬಿತ್ತು’ ಎಂದಿದ್ದರೆ ಅಡಿಗೆರೆ ಎಳೆಯಿರಿ.

ಮುಂದೆ ಡ್ರಾ, ಅಂದರೆ ಯಾವ ಗೇಟಿನಿಂದ ಹೊರಡುತ್ತದೆ ಎಂಬುದು. ಬೆಂಗಳೂರಿನಲ್ಲಿ ಓಟ ಬಲಕ್ಕೆ ತಿರುಗುತ್ತದೆ. ಒಳಬದಿಯ ಬೇಲಿಗಿಂತ 3 ಮೀಟರ್ ಹೊರಗಿನಿಂದ ಕಾಲು ಸುತ್ತು ತಿರುಗಿದ ಕುದುರೆ ಸುಮಾರು 4.7 ಮೀಟರ್ ಹೆಚ್ಚು ಓಡುತ್ತದೆ, ಎಂದರೆ ಹತ್ತಿರ ಹತ್ತಿರ ಎರಡು ಕುದುರೆಯುದ್ದ. ಹಾಗೆಂದು ತೀರ ಒಳಗಿನ ಗೇಟು ಎಲ್ಲ ಮರಿಗೂ ಒಳ್ಳೆಯದಲ್ಲ. ನಿಧಾನವಾಗಿ ಹೊರಟ ಹಸುಳೆ ಅಲ್ಲಿ ಬೇಲಿಗೂ ಉಳಿದವುಗಳಿಗೂ ನಡುವೆ ಸಿಕ್ಕಿ, ಮುಖಕ್ಕೆ ಮಣ್ಣು ಬಡಿದು ಬೆದರುತ್ತದೆ. ಬೇಗ ಹೊರಡುವ ಮರಿಗೆ ಒಳಗೇಟು ವರ.

ಕುದುರೆ ಹೊರಬೇಕಾದ ತೂಕದ ಲೆಕ್ಕ ಚಿಕ್ಕದು. ಹೆಣ್ಣು ಮರಿಗೆ ಸಾಮಾನ್ಯವಾಗಿ ಒಂದೂವರೆ ಕೆ.ಜಿ. ವಿನಾಯಿತಿ ಇರುತ್ತದೆ, ಈ ದೂರಕ್ಕೆ ಅದು ಸುಮಾರು ಒಂದು ಕುದುರೆಯುದ್ದಕ್ಕೆ ಸಮ.

ಇನ್ನು ಕಣ್ಣಿನ ಪರೀಕ್ಷೆ. ಓಟಕ್ಕೆ ಮುಂಚೆ ಪ್ಯಾಡಕ್‌ನಲ್ಲಿ ಕುದುರೆಗಳನ್ನು ಸುತ್ತು ನಡೆಸುತ್ತಾರೆ. ಆಗ ಮುಖ ನೋಡುವ ಮೊದಲು ಕಾಲು ನೋಡಿ. ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ದಾಟಿ ಬೀಳುತ್ತಿದ್ದರೆ ಹೆಜ್ಜೆಯಲ್ಲಿ ಉದ್ದವಿದೆ, ಮೈ ಸಡಿಲವಿದೆ. ಸ್ಪ್ರಿಂಟ್ ಕುದುರೆಗೆ ತೊಡೆಯ ಮಾಂಸಖಂಡ ತುಂಬಿಕೊಂಡಿರಬೇಕು. ಕುತ್ತಿಗೆಯ ಮೇಲಿನ ತೆಳು ಬೆವರಿಗೆ ಹೆದರಬೇಡಿ. ಹಿಂದೊಡೆಗಳ ನಡುವೆ ಬಿಳಿ ನೊರೆ ಕಟ್ಟಿದ್ದು, ಕಣ್ಣಿನ ಬಿಳಿ ಕಾಣುತ್ತಿದ್ದು, ಬಾಲ ಬೀಸುತ್ತಲೇ ಇದ್ದರೆ ಆ ಮರಿ ತನ್ನ ಓಟವನ್ನು ಅಲ್ಲೇ ಓಡಿ ಮುಗಿಸಿದೆ. ಅಭ್ಯಾಸದ ಸಮಯ ಎಷ್ಟೇ ಚೆನ್ನಾಗಿರಲಿ, ನಾನಾದರೆ ಅದನ್ನು ಪಟ್ಟಿಯಿಂದ ತೆಗೆಯುತ್ತೇನೆ.

ಈಗ ಪ್ರತಿ ಕುದುರೆಯ ಗೆಲುವಿನ ಅವಕಾಶಕ್ಕೆ ಶೇಕಡಾವಾರು ಅಂಕಿ ಬರೆಯಿರಿ. ಎಲ್ಲವನ್ನೂ ಕೂಡಿದರೆ ನೂರೇ ಆಗಬೇಕು. ನಿಮ್ಮ ಮೆಚ್ಚಿನ ಮರಿಗೆ ಶೇ 25 ಕೊಟ್ಟಿದ್ದೀರಿ, ರೇಸ್‌ಕೋರ್ಸಿನೊಳಗಿನ ಬುಕ್ಕಿಗಳ ಫಲಕದಲ್ಲಿ ಒಂದಕ್ಕೆ ನಾಲ್ಕು (ಗೆದ್ದರೆ ಪಣದ ಜೊತೆಗೆ ಅದರ ನಾಲ್ಕು ಪಟ್ಟು) ಇದೆ ಎಂದುಕೊಳ್ಳೋಣ. ಆ ದರದ ಅರ್ಥ ಶೇ 20ರ ಅವಕಾಶ, ಆದ್ದರಿಂದ ಲಾಭವೆಂದು ಕಾಣುತ್ತದೆ. ತೆರಿಗೆಯನ್ನು ಸೇರಿಸಿ ನೋಡಿ. 2025ರ ಸೆಪ್ಟೆಂಬರ್‌ನಿಂದ ಪಣದ ಮೇಲಿನ ಜಿಎಸ್‌ಟಿ ಶೇ 40. ನೂರು ರೂಪಾಯಿ ಪಣಕ್ಕೆ 140 ಖರ್ಚಾದರೆ, ಗೆದ್ದಾಗ ಕೈಗೆ ಬರುವುದು 500. ಶೇ 25ರ ಅವಕಾಶಕ್ಕೆ ಅದರ ಬೆಲೆ 125 ಮಾತ್ರ. ನಿಮ್ಮ ಅಂದಾಜು ಶೇ 28 ದಾಟದಿದ್ದರೆ ಆ ಪಣ ನಷ್ಟದ್ದೇ. ಕುದುರೆ ಓಟ ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೌಶಲದ ದೊಡ್ಡ ಪಾಲು ಪಣ ಕಟ್ಟದೆ ಸುಮ್ಮನಿರುವುದರಲ್ಲಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ರೇಸ್‌ಕೋರ್ಸಿನ ಹೊರಗೆ, ನಮ್ಮೂರಿನ ಚಹಾದಂಗಡಿಯ ಮೂಲೆಯಲ್ಲಿ ಚೀಟಿ ಬರೆಸುವವರ ಹತ್ತಿರವಂತೂ ಸುಳಿಯಬೇಡಿ, ಅದು ಅಪರಾಧ.

ಓಟ ಮುಗಿದ ಮೇಲೆ ಗೆದ್ದದ್ದನ್ನು ಬಿಟ್ಟು ಸೋತವುಗಳ ವಿಡಿಯೊ ನೋಡಿ. ಗೇಟಿನಲ್ಲಿ ಹಿಂದೆ ಬಿದ್ದರೂ ಕೊನೆಯ 200 ಮೀಟರಿನಲ್ಲಿ ಯಾರೂ ಒತ್ತಾಯಿಸದೆ ತಾನಾಗಿ ಮುಂದೆ ಬಂದ ಮರಿಯ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಮ್ಮೆ ಓಡಿದ ಮರಿ ಎರಡನೇ ಓಟದಲ್ಲಿ ಸುಧಾರಿಸುವುದು ಸಾಮಾನ್ಯ. ನಾಲ್ಕನೆಯದೋ ಐದನೆಯದೋ ಬಂದದ್ದಾದರೆ ಆಗ ಅದರ ದರವೂ ಚೆನ್ನಾಗಿರುತ್ತದೆ.